ದ್ವೀಪದಲ್ಲಿ ಎರಡು ದಿನದ ಚರ್ಚ್ ರಿಟ್ರೀಟ್: ಮೊದಲು ಉಬ್ಬರವಿಳಿತ ನೋಡಿ

ನಮ್ಮ ಗುಂಪಿನ ಮೊದಲ ದ್ವೀಪ ರಿಟ್ರೀಟ್‌ಗೆ ಟೈಮ್‌ಟೇಬಲ್ ಹಾಕಿದ್ದು ನಾನೇ. ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಬೈಬಲ್ ಅಧ್ಯಯನ, ಹತ್ತೂವರೆಗೆ ತೀರದಲ್ಲಿ ನಡಿಗೆ. ಹತ್ತೂವರೆಗೆ ಹೋಗಿ ನೋಡಿದರೆ ತೀರವೇ ಇಲ್ಲ! ನೀರು ತೆಂಗಿನ ಬುಡಕ್ಕೆ ಬಂದು ಬಡಿಯುತ್ತಿತ್ತು. ಮೂವತ್ತು ಜನ ಚಪ್ಪಲಿ ಕೈಯಲ್ಲಿ ಹಿಡಿದು ಸುಮ್ನೆ ನಿಂತು, ಒಂದು ಹಾಡು ಹಾಡಿ ವಾಪಸ್ ಬಂದೆವು.

ಹಾಗಾಗಿ ಜಾಗ ಬುಕ್ ಮಾಡುವ ಮುಂಚೆಯೇ ಆ ದ್ವೀಪದ ಉಬ್ಬರವಿಳಿತದ ಪಟ್ಟಿ ತೆಗೆದು ನೋಡಿ. ಹೆಚ್ಚಿನ ಕಡೆ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿದ ನೀರು ಪೂರ್ತಿ ಇಳಿಯಲು ಆರು ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು. ದಿನದಿಂದ ದಿನಕ್ಕೆ ಇದು ಸುಮಾರು 50 ನಿಮಿಷ ತಡವಾಗುತ್ತದೆ. ಅಂದರೆ ಶನಿವಾರ ಬೆಳಗ್ಗೆ ಏಳಕ್ಕೆ ನೀರು ಕೆಳಗಿದ್ದರೆ ಭಾನುವಾರ ಎಂಟರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತುಂಬಾ ದೂರ ಹಿಂದೆ ಸರಿಯುತ್ತದೆ, ಹಾಗಾಗಿ ಆ ವಾರಾಂತ್ಯ ಸಿಕ್ಕಿದರೆ ಬಿಡಬೇಡಿ. ನನ್ನ ಓಟು ಅಮಾವಾಸ್ಯೆಗೆ, ಏಕೆಂದರೆ ರಾತ್ರಿ ನಕ್ಷತ್ರ ಕಾಣುತ್ತವೆ, ಅದೃಷ್ಟ ಇದ್ದರೆ ಕೈಯಾಡಿಸಿದ ಕಡೆ ನೀರು ನೀಲಿಯಾಗಿ ಹೊಳೆಯುವುದೂ ಕಾಣಬಹುದು. ಅದು ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳ ಬೆಳಕು.

ತೀರದ ನಡಿಗೆಗೆ ನೀರು ಪೂರ್ತಿ ಇಳಿಯುವ ಒಂದು ಗಂಟೆ ಮುಂಚೆ ಹೊರಡಿ, ತಿರುಗಿ ಏರಲು ಶುರುವಾದ ಕೂಡಲೇ ವಾಪಸ್ಸಾಗಿ. ಊಟ, ಅಧ್ಯಯನ, ನಿದ್ದೆ ಎಲ್ಲವನ್ನೂ ಉಳಿದ ಹೊತ್ತಿನಲ್ಲಿ ಹೊಂದಿಸಿ. ಪಾಸ್ಟರ್‌ಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅವರ ಪ್ರಸಂಗ ಮುಗಿಯುವಷ್ಟರಲ್ಲಿ ನೀರು ಬಂದಿರುತ್ತದೆ.

ಒಂದು ಬೆಳಗ್ಗೆ ಪೂರ್ತಿ ಕಾಂಡ್ಲಾ ಕಾಡಿಗೆ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳಿಗೆ ಕೊಡಿ. ಎಲ್ಲರೂ ಹವಳ ಹವಳ ಅಂತಾರೆ, ಆದರೆ ಈಜು ಬಾರದ ಅಜ್ಜಿಯಂದಿರಿಗೂ ಮಕ್ಕಳಿಗೂ ಒಟ್ಟಿಗೆ ನೋಡಲು ಇದೇ ಒಳ್ಳೆಯದು. ಕೆಸರಿನಿಂದ ಪೆನ್ಸಿಲ್ ಚುಚ್ಚಿಟ್ಟ ಹಾಗೆ ಮೇಲೆ ಬಂದಿರುವುದು ಬೇರುಗಳು. ಕೆಸರಿನಲ್ಲಿ ಗಾಳಿ ಇಲ್ಲದ್ದರಿಂದ ಮರ ಅವುಗಳ ಮೂಲಕವೇ ಉಸಿರಾಡುತ್ತದೆ. ತುಳಿಯಬೇಡಿ, ಬರಿಗಾಲಲ್ಲಂತೂ ಬೇಡವೇ ಬೇಡ. ಇನ್ನೊಂದು ಜಾತಿಯ ಮರದಲ್ಲಿ ಬೀಜ ಕೊಂಬೆಯಲ್ಲಿ ಇರುವಾಗಲೇ ಮೊಳೆತು, ನುಗ್ಗೆಕಾಯಿಯ ತುಂಡಿನಂತೆ ಉದ್ದಕ್ಕೆ ನೇತಾಡುತ್ತದೆ. ಬಿದ್ದರೆ ಕೆಸರಿಗೆ ನೆಟ್ಟುಕೊಳ್ಳುತ್ತದೆ, ಇಲ್ಲವೇ ತೇಲಿಕೊಂಡು ಎಲ್ಲಿಗೋ ಹೋಗಿ ಬೇರು ಬಿಡುತ್ತದೆ. ಕೆಲವು ಕಾಂಡ್ಲಾ ಮರಗಳು ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತವೆ. ನಮ್ಮ ಗೈಡ್ ಒಂದು ಎಲೆ ನೆಕ್ಕಿ ತೋರಿಸಿದ ಮೇಲೆ ಸಂಡೇ ಸ್ಕೂಲ್ ಮಕ್ಕಳು ಸಾಲಾಗಿ ನಿಂತು ನೆಕ್ಕಿದರು. ಸ್ಥಳೀಯ ಗೈಡ್ ಹೇಳದೆ ಇದನ್ನು ಮಾತ್ರ ಮಾಡಬೇಡಿ. ಕೆರಿಬಿಯನ್ ದ್ವೀಪಗಳ ತೀರದಲ್ಲಿ ಮ್ಯಾಂಚಿನೀಲ್ ಅಂತ ಒಂದು ಮರ ಇದೆ. ಹಣ್ಣು ಪುಟ್ಟ ಸೇಬಿನ ಹಾಗೆ, ಪೂರ್ತಿ ವಿಷ. ಮಳೆ ಬಂದಾಗ ಅದರ ಕೆಳಗೆ ನಿಂತರೂ ಮೈಮೇಲೆ ಗುಳ್ಳೆ ಏಳುತ್ತವೆ.

ಹವಳ ನೋಡಲು ಹೋಗುವವರಿಗೆ ಒಂದೇ ಮಾತು: ಅದರ ಮೇಲೆ ನಿಲ್ಲಬೇಡಿ. ಅದು ಕಲ್ಲಲ್ಲ, ಜೀವ ಇರುವ ಪ್ರಾಣಿಗಳ ಗುಂಪು. ಗುಂಡು ಬಂಡೆಯಂತೆ ಕಾಣುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ ಅಷ್ಟೇ. ಸನ್‌ಸ್ಕ್ರೀನ್‌ಗಿಂತ ತುಂಬು ತೋಳಿನ ಅಂಗಿ ಮೇಲು. ಹವಳಕ್ಕೆ ಕೆಟ್ಟದ್ದು ಅಂತ ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರುವುದನ್ನು ಹವಾಯಿಯಲ್ಲಿ 2021ರಿಂದ ನಿಲ್ಲಿಸಿದ್ದಾರೆ. ಮರಳಿನ ತಳದ ನೀರಿನಲ್ಲಿ ಕಾಲು ಎಳೆದುಕೊಂಡು ನಡೆದರೆ ಅಡಗಿರುವ, ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು (ಸ್ಟಿಂಗ್‌ರೇ) ತಾನಾಗಿ ಸರಿದುಹೋಗುತ್ತದೆ. ನೀರಿನ ಸೆಳೆತ ಒಳಗೆ ಎಳೆದರೆ ದಡದ ಕಡೆ ಈಜಿ ಸುಸ್ತಾಗಬೇಡಿ, ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬನ್ನಿ. ಇದನ್ನು ಯೂತ್ ಹುಡುಗರಿಗೆ ಮೊದಲ ಸಂಜೆಯೇ ಹೇಳಿ, ನೀರಿಗಿಳಿದ ಮೇಲೆ ಅವರು ಕೇಳಲ್ಲ.

ಪ್ರಾರ್ಥನೆಗೆ ಹಾಲ್ ಹುಡುಕಬೇಡಿ. ಬೆಳಗ್ಗೆ ಎಲ್ಲರೂ ಹತ್ತು ಹೆಜ್ಜೆ ದೂರ ದೂರ ಮರಳಿನಲ್ಲಿ ಕೂತು, ಇಪ್ಪತ್ತು ನಿಮಿಷ ಮಾತಿಲ್ಲದೆ, ಮುಂದಿರುವ ಒಂದು ಚದರ ಅಡಿ ಮರಳನ್ನು ಮಾತ್ರ ನೋಡಲಿ. ಐದು ನಿಮಿಷಕ್ಕೆ ಬೇಜಾರಾಗುತ್ತದೆ. ಆಮೇಲೆ ತೂತಿನಿಂದ ಏಡಿಯ ಎರಡು ಕಣ್ಣು ಮೇಲೆ ಬರುತ್ತವೆ. ಆಗ 104ನೇ ಕೀರ್ತನೆ ಓದಿ, ಸಮುದ್ರದ ಜೀವಿಗಳ ಮಾತು ಅದರಲ್ಲೇ ಇದೆ, ವಿವರಣೆ ಬೇಕಾಗುವುದಿಲ್ಲ. ಆಮೆ ಮೊಟ್ಟೆ ಇಡುವ ಕಾಲವಾದರೆ ರಾತ್ರಿ ತೀರದಲ್ಲಿ ಕ್ಯಾಂಪ್‌ಫೈರ್, ಟಾರ್ಚ್ ಎರಡೂ ಬೇಡ. ಬೆಳಕು ಕಂಡರೆ ತಾಯಿ ಆಮೆ ಮೊಟ್ಟೆ ಇಡದೆ ತಿರುಗಿ ಹೋಗಬಹುದು, ಮರಿಗಳು ದಾರಿ ತಪ್ಪುತ್ತವೆ.

ಕೊನೆಗೆ, ದೋಣಿ ಹತ್ತುವ ಮುಂಚೆ ಎಲ್ಲರ ಜೇಬು ಖಾಲಿ ಮಾಡಿಸಿ, ದೊಡ್ಡವರದೂ ಸೇರಿ. ಖಾಲಿ ಚಿಪ್ಪು ಸನ್ಯಾಸಿ ಏಡಿಗೆ ಮನೆ, ಅದು ಬೆಳೆದಂತೆಲ್ಲ ಇನ್ನೂ ದೊಡ್ಡದು ಹುಡುಕುತ್ತದೆ. ಶಂಕುವಿನಾಕಾರದ ಚೆಂದದ ಚಿಪ್ಪನ್ನಂತೂ ಮುಟ್ಟಲೇಬೇಡಿ, ಒಳಗೆ ಬಸವನಹುಳು ಜೀವಂತ ಇದ್ದರೆ ಕುಟುಕುತ್ತದೆ, ಕೆಲವು ಜಾತಿಯ ವಿಷಕ್ಕೆ ಜನ ಸತ್ತಿದ್ದಾರೆ. ನಮ್ಮ ಗುಂಪಿನಲ್ಲಿ ಒಬ್ಬ ಆಂಟಿ 'ನನ್ನ ಹತ್ರ ಏನೂ ಇಲ್ಲಪ್ಪ' ಅಂದರು. ಅಷ್ಟರಲ್ಲಿ ಅವರ ಕೈಚೀಲದೊಳಗೆ ಏನೋ ನಡೆದಾಡಿತು.