ಬ್ರಿಟನ್ನಿನ ಡ್ರೈವಿಂಗ್ ಟೆಸ್ಟ್: ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಬಂದವರಿಗೆ

ಊರಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರು ಇಲ್ಲಿನ ಟೆಸ್ಟ್‌ನಲ್ಲಿ ಫೇಲ್ ಆಗುವುದನ್ನು ನಾನು ನೋಡುತ್ತಲೇ ಇದ್ದೇನೆ. ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ನಡುವೆ ಓಡಿಸಿದವರಿಗೆ ಕೈ ಪಳಗಿರುತ್ತದೆ. ಆದರೆ ಇಲ್ಲಿ ಪರೀಕ್ಷಕರು ನೋಡುವುದೇ ಬೇರೆ.

ಮೊದಲು ಲೈಸನ್ಸ್ ವಿಷಯ. ಬಳ್ಳಾರಿ, ರಾಯಚೂರು ಆರ್‌ಟಿಓ ಕೊಟ್ಟ ಲೈಸನ್ಸ್ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ. ಅದನ್ನು ಕೊಟ್ಟು ಇಲ್ಲಿಯದನ್ನು ಪಡೆಯಲು ಆಗುವುದಿಲ್ಲ. ವರ್ಷ ಕಳೆದರೆ ಪ್ರೊವಿಷನಲ್ (ಕಲಿಯುವವರ) ಲೈಸನ್ಸ್, ಎಲ್ ಬೋರ್ಡ್, ಪಕ್ಕದಲ್ಲಿ 21 ದಾಟಿದ, 3 ವರ್ಷದಿಂದ ಲೈಸನ್ಸ್ ಇರುವ ಒಬ್ಬರು ಬೇಕೇ ಬೇಕು. ಹಾಗಾಗಿ ಬಂದ ಮೊದಲ ತಿಂಗಳುಗಳಲ್ಲೇ ಶುರು ಮಾಡಿ. ರಸ್ತೆ ಟೆಸ್ಟ್‌ಗೆ ಮುಂಚೆ ಥಿಯರಿ ಟೆಸ್ಟ್ ಇರುತ್ತದೆ. ಅದರ ಪ್ರಶ್ನೆಗಳಲ್ಲಿ 50ಕ್ಕೆ 43, ಅಪಾಯ ಗುರುತಿಸುವ ವಿಡಿಯೋ ಭಾಗದಲ್ಲಿ 75ಕ್ಕೆ 44 ಬರಬೇಕು. ಓದಿದರೆ ಆಗುತ್ತದೆ.

ರಸ್ತೆ ಟೆಸ್ಟ್ ಸುಮಾರು 40 ನಿಮಿಷ. ಶುರುವಿನಲ್ಲೇ 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿಸುತ್ತಾರೆ. ಓದಲು ಆಗದಿದ್ದರೆ ಅಲ್ಲಿಗೇ ಫೇಲ್. ಕನ್ನಡಕ ಮರೆಯಬೇಡಿ. ಆಮೇಲೆ ಸುಮಾರು 20 ನಿಮಿಷ ರಸ್ತೆ ಬೋರ್ಡ್ ಅಥವಾ ನ್ಯಾವಿಗೇಟರ್ ನೋಡಿಕೊಂಡು ನೀವೇ ದಾರಿ ಹಿಡಿದು ಓಡಿಸಬೇಕು.

ತಪ್ಪುಗಳಲ್ಲಿ ಮೂರು ದರ್ಜೆ: ಮೈನರ್, ಸೀರಿಯಸ್, ಡೇಂಜರಸ್. ಮೈನರ್ 15ರ ತನಕ ನಡೆಯುತ್ತದೆ, 16 ಆದರೆ ಫೇಲ್. ಸೀರಿಯಸ್ ಅಥವಾ ಡೇಂಜರಸ್ ಒಂದೇ ಒಂದು ಬಿದ್ದರೂ ಫೇಲ್. ಬಹಳ ಜನ ಈ 15ರ ಮೇಲೆ ಭರವಸೆ ಇಡುತ್ತಾರೆ. ಇಡಬೇಡಿ. ಕನ್ನಡಿ ನೋಡದೆ ಇಂಡಿಕೇಟರ್ ಹಾಕುವುದು ಒಮ್ಮೆಯಾದರೆ ಮೈನರ್. ಅದೇ ತಪ್ಪು ಮತ್ತೆ ಮತ್ತೆ ಆದರೆ ಅಭ್ಯಾಸವೇ ಸರಿಯಿಲ್ಲವೆಂದು ಸೀರಿಯಸ್ ಆಗಬಹುದು.

ನಮ್ಮವರಿಗೆ ಜಾಸ್ತಿ ಕಷ್ಟ ರೌಂಡ್ ಅಬೌಟ್‌ನಲ್ಲಿ. ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲೋ ರಾಯಚೂರಿನ ತೀನ್ ಕಂದೀಲ್ ಹತ್ತಿರವೋ ಮೂತಿ ತೂರಿಸಿದವನಿಗೇ ದಾರಿ. ಇಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು. ನಿಮ್ಮಿಂದ ಅವರು ಬ್ರೇಕ್ ಒತ್ತುವಂತಾದರೆ ಸೀರಿಯಸ್ ಬಿದ್ದಂತೆಯೇ. ಹಾಗಂತ ರಸ್ತೆ ಖಾಲಿಯಿದ್ದರೂ ಸುಮ್ನೆ ನಿಂತುಕೊಂಡರೆ ಅದೂ ತಪ್ಪೇ. ಹೊರಡುವ ಮುಂಚೆ ಕತ್ತು ತಿರುಗಿಸಿ ಹಿಂಬದಿ ನೋಡುವುದು ಇನ್ನೊಂದು. ಊರಲ್ಲಿ ಹಿಂದಿನವನು ಹಾರನ್ ಹೊಡೆದು ಹೇಳುತ್ತಾನೆ, ಇಲ್ಲಿ ಯಾರೂ ಹೇಳುವುದಿಲ್ಲ.

ಫೇಲ್ ಆದರೆ? ನಮ್ಮಲ್ಲಿ 7 ದಿನ ಕಳೆದರೆ ಮತ್ತೆ ಕೊಡಬಹುದು. ಇಲ್ಲಿ ಕನಿಷ್ಠ 10 ಕೆಲಸದ ದಿನಗಳ ಆಚೆಯ ತಾರೀಕು ತಗೋಬೇಕು. ನಿಜವಾಗಿ ಅದು ಚಿಕ್ಕ ವಿಷಯ. ಬಹಳ ಊರುಗಳಲ್ಲಿ ಸ್ಲಾಟ್ ಸಿಗುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಫೀ ಮತ್ತೆ ಪೂರ್ತಿ ಕಟ್ಟಬೇಕು: ವಾರದ ದಿನ 62 ಪೌಂಡ್, ಸಂಜೆ ಮತ್ತು ವಾರಾಂತ್ಯಕ್ಕೆ 75. ಟೆಸ್ಟ್ ಕೂಡ ಮೊದಲಿಂದ ಪೂರ್ತಿ, ತಪ್ಪಿದ ಭಾಗ ಮಾತ್ರ ಅಲ್ಲ. ಎಷ್ಟು ಸಲ ಬೇಕಾದರೂ ಕೊಡಬಹುದು, ಆದರೆ ಥಿಯರಿ ಪಾಸ್ ಆಗಿದ್ದು 2 ವರ್ಷಕ್ಕೆ ಮಾತ್ರ. ಅಷ್ಟರಲ್ಲಿ ರಸ್ತೆ ಟೆಸ್ಟ್ ಪಾಸ್ ಆಗದಿದ್ದರೆ ಥಿಯರಿಯನ್ನೂ ಮತ್ತೆ ಬರೆಯಬೇಕು. ತಾರೀಕು ಬದಲಿಸುವುದಿದ್ದರೆ 10 ಪೂರ್ತಿ ಕೆಲಸದ ದಿನ ಮುಂಚೆ ಹೇಳಿ, ಇಲ್ಲದಿದ್ದರೆ ಕಟ್ಟಿದ ದುಡ್ಡು ಹೋಗುತ್ತದೆ. ಸ್ಲಾಟ್ ಕೊಡಿಸುತ್ತೇನೆಂದು ಜಾಸ್ತಿ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ, ಸರ್ಕಾರದ ವೆಬ್‌ಸೈಟ್‌ನಲ್ಲೇ ಬುಕ್ ಮಾಡಿ.

ಟೆಸ್ಟ್ ಮುಗಿದ ಮೇಲೆ ಪರೀಕ್ಷಕರು ಎಲ್ಲಿ ತಪ್ಪಾಯಿತೆಂದು ಹೇಳುತ್ತಾರೆ. ಆ ಹೊತ್ತಿಗೆ ಬೇಜಾರಿನಲ್ಲಿ ನಮಗೆ ಏನೂ ತಲೆಗೆ ಹೋಗುವುದಿಲ್ಲ, ಅಲ್ವಾ? ನಿಮಗೆ ಕಲಿಸಿದವರನ್ನೂ ಹತ್ತಿರ ಕರೆದು ಅದನ್ನು ಕೇಳಿಸಿ. ಮುಂದಿನ ಕ್ಲಾಸ್ ಅಲ್ಲಿಂದಲೇ ಶುರುವಾಗಲಿ.

ಇನ್ನೊಂದು, ಆಟೋಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಗೇರ್ ಕಾರು ಓಡಿಸುವಂತಿಲ್ಲ. ಊರಲ್ಲಿ ಗೇರ್ ಓಡಿಸಿ ರೂಢಿಯಿದ್ದರೆ ಅದರಲ್ಲೇ ಕೊಡಿ.