ಪಾರ್ಸೆಲ್ ಲೇಟಾಯ್ತಾ, ದುಡ್ಡು ವಾಪಸ್ ಬೇಕಾ? ಸುಳ್ಳು ಹೇಳ್ದೆ ಕೇಳೋದು ಹೀಗೆ

2025ರ ಗೌರಿ ಹಬ್ಬ ಆಗಸ್ಟ್ 26ಕ್ಕೆ ಇತ್ತು. ಅಮ್ಮಂಗೆ ಅಂತ 12ನೇ ತಾರೀಕೇ ಒಂದು ಇಳಕಲ್ ಸೀರೆ ಆನ್‌ಲೈನಲ್ಲಿ ಆರ್ಡರ್ ಮಾಡಿದ್ದೆ, 2,350 ರೂಪಾಯಿ, ಪೇಜಲ್ಲಿ 20ರೊಳಗೆ ತಲುಪುತ್ತೆ ಅಂತ ಹಾಕಿದ್ರು. 20 ಆಯ್ತು, 23 ಆಯ್ತು, ಬಾಗಿನದ ಮೊರಕ್ಕೆ ಅರಿಶಿನ ಹಚ್ಚೋದೂ ಮುಗೀತು, ಸೀರೆ ಮಾತ್ರ ಟ್ರ್ಯಾಕಿಂಗಲ್ಲಿ "ಇನ್ ಟ್ರಾನ್ಸಿಟ್" ಅಂತ ಹುಬ್ಬಳ್ಳಿಯಲ್ಲೇ ಕೂತಿತ್ತು. 24ಕ್ಕೆ ತಲೆ ಕೆಟ್ಟು ಸೆಲ್ಲರ್‌ಗೆ ಮೆಸೇಜ್ ಹಾಕ್ದೆ, "ಏನ್ರೀ ಇದು, ತಿಂಗಳಾಯ್ತು, ಮೋಸ ಮಾಡ್ತಿದ್ದೀರಾ?" ತಿಂಗಳು ಎಲ್ಲಾಗಿತ್ತು, 12 ದಿನ ಆಗಿತ್ತು. ಆ ಕಡೆಯಿಂದ ತಕ್ಷಣ ಉತ್ತರ: "ಮೇಡಂ, ಆರ್ಡರ್ ಡೇಟ್ ಇನ್ನೊಂದ್ಸಲ ನೋಡಿ." ಅಲ್ಲಿಗೆ ಸೀರೆ ಲೇಟಾಗಿದ್ದು ಹಿಂದಕ್ಕೆ ಹೋಯ್ತು, ನಾನು ಹೇಳಿದ ಸುಳ್ಳೇ ಮುಂದೆ ಬಂತು.

ಅವತ್ತಿಂದ ಕಲಿತಿದ್ದು ಏನಂದ್ರೆ ನ್ಯಾಯ ನಮ್ ಕಡೆ ಇದ್ದಾಗ ಉಪ್ಪು ಖಾರ ಸೇರಿಸೋ ಅಗತ್ಯ ಇಲ್ಲ, ತಾರೀಕು ಸಾಕು.

ಹಾಗಾಗಿ ಕೆಲಸ ಶುರು ಆಗೋದು ದುಡ್ಡು ಕಟ್ಟೋ ಮುಂಚೆ. ಪೇ ಬಟನ್ ಒತ್ತೋಕೆ ಮೊದ್ಲು ಎರಡು ಸ್ಕ್ರೀನ್‌ಶಾಟ್ ತೆಗೀರಿ, ಒಂದು ಡೆಲಿವರಿ ಡೇಟ್ ತೋರಿಸೋ ಪುಟದ್ದು, ಇನ್ನೊಂದು ರಿಟರ್ನ್ ಪಾಲಿಸಿದು. ಆಮೇಲೆ ಆ್ಯಪಲ್ಲಿ ಡೇಟ್ ತಾನಾಗೇ ಮುಂದಕ್ಕೆ ಹೋಗಿರುತ್ತೆ, ಮೊದ್ಲು ಎಷ್ಟಿತ್ತು ಅಂತ ತೋರಿಸೋಕೆ ನಿಮ್ ಹತ್ರ ಏನೂ ಇರಲ್ಲ. ಪಾಲಿಸಿ ಯಾಕೆ ಅಂದ್ರೆ "ಕಲರ್ ಇಷ್ಟ ಆಗ್ಲಿಲ್ಲ, ಮನಸ್ಸು ಬದಲಾಯ್ತು" ಅಂತ ವಾಪಸ್ ಕೊಡೋ ಹಕ್ಕು ನಮ್ ಕಾನೂನಲ್ಲಿ ಇಲ್ಲ, ಅದು ಅಂಗಡಿಯವ್ರು ಕೊಟ್ರೆ ಉಂಟು. ಕಾನೂನು ಕೊಡೋದು ಬೇರೆ. 2020ರ ಜುಲೈಯಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ವಸ್ತು ಕೆಟ್ಟಿದ್ರೆ, ನಕಲಿ ಆಗಿದ್ರೆ, ಜಾಹೀರಾತಲ್ಲಿ ಹೇಳಿದ ಹಾಗೆ ಇಲ್ದಿದ್ರೆ, ಅಥ್ವಾ ಹೇಳಿದ ದಿನಕ್ಕಿಂತ ಲೇಟಾಗಿ ಬಂದ್ರೆ ಸೆಲ್ಲರ್ ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನೋ ಹಾಗಿಲ್ಲ. ಲೇಟ್ ವಿಷಯಕ್ಕೆ ಒಂದು ವಿನಾಯಿತಿ ಇದೆ, ಪ್ರವಾಹ ಗಿವಾಹ ಅಂತ ಕೈಮೀರಿದ ಕಾರಣ ಇದ್ರೆ ಈ ನಿಯಮ ಹಿಡಿದು ಕೇಳೋಕಾಗಲ್ಲ. ಘಾಟಿ ಕುಸಿದು ರಸ್ತೆ ಬಂದ್ ಆಗಿರೋ ವಾರದಲ್ಲಿ ಮಂಗಳೂರಿಗೆ ಪಾರ್ಸೆಲ್ ಬರ್ಲಿಲ್ಲ ಅಂತ ಕೂಗಾಡಿದ್ರೆ ಪಾಪ ಅವ್ರಾದ್ರೂ ಏನ್ ಮಾಡ್ತಾರೆ.

ಹೇಳಿದ ದಿನ ದಾಟ್ತು ಅನ್ಕೊಳ್ಳಿ. ಫೋನ್ ಮಾಡಿ ಬೈಯೋ ಬದ್ಲು ಆ್ಯಪ್ ಚಾಟಲ್ಲೋ ಇಮೇಲಲ್ಲೋ ಬರೀರಿ, ಫೋನಲ್ಲಿ ಮಾತಾಡಿದ್ದು ಗಾಳಿಗೆ ಹೋಗುತ್ತೆ. ನಾನು ಎರಡನೇ ಸಲ ಬರೆದಿದ್ದು ಇಷ್ಟು:

"ನಮಸ್ಕಾರ. ಆರ್ಡರ್ ಮಾಡಿದ್ದು ಆಗಸ್ಟ್ 12. ನೀವು ಹೇಳಿದ ಡೆಲಿವರಿ ದಿನ ಆಗಸ್ಟ್ 20. ಇವತ್ತು 25, ಟ್ರ್ಯಾಕಿಂಗ್ 4 ದಿನದಿಂದ ಅಲ್ಲಾಡಿಲ್ಲ. ನಾಳೆ ಹಬ್ಬ, ಆಮೇಲೆ ಬಂದ್ರೆ ನಮಗೆ ಬೇಡ. ಕ್ಯಾನ್ಸಲ್ ಮಾಡಿ 2,350 ರೂಪಾಯಿ ದುಡ್ಡು ಕಟ್ಟಿದ ಅಕೌಂಟಿಗೇ ವಾಪಸ್ ಹಾಕಿ. ಹಿಂದಿನ ಮೆಸೇಜಲ್ಲಿ ತಿಂಗಳು ಅಂದಿದ್ದು ತಪ್ಪು."

ಕೊನೇ ಸಾಲು ಬರೆಯೋಕೆ ಸ್ವಲ್ಪ ನಾಚಿಕೆ ಆಯ್ತು, ಆದ್ರೆ ಅದನ್ನ ಓದಿದ ಮೇಲೇ ಸೆಲ್ಲರ್ ಆಯಮ್ಮ ನೆಟ್ಟಗೆ ಮಾತಾಡಿದ್ದು, "ಅಕ್ಕ, ಕೊರಿಯರ್‌ನವ್ರು ನಮ್ ಫೋನೂ ಎತ್ತುತ್ತಿಲ್ಲ, ರೀಫಂಡ್ ಹಾಕ್ತೀನಿ" ಅಂತ. ನೀವೂ ಹೀಗೇ ಬರೀರಿ, ಮೂರು ತಾರೀಕು, ಒಂದು ಮೊತ್ತ, ಏನು ಬೇಕು ಅನ್ನೋದು ಒಂದೇ ಮಾತು. ಕಾಯ್ತೀರಾ ಅಥ್ವಾ ದುಡ್ಡು ಬೇಕಾ, ಎರಡರಲ್ಲಿ ಒಂದು ಹೇಳಿ, ಎರಡೂ ಹೇಳಿದ್ರೆ ಅವ್ರು ತಮಗೆ ಅನುಕೂಲ ಆಗೋದನ್ನ ಆರಿಸ್ಕೊಳ್ತಾರೆ.

ಪಾರ್ಸೆಲ್ ಬಂದು ಒಳಗೆ ಬೇರೇನೋ ಇದ್ರೆ? ಇದಕ್ಕೆ ವಿಡಿಯೋ ಬೇಕು. ಲೇಬಲ್ ಮೇಲಿನ ನಂಬರ್ ಕಾಣೋ ಹಾಗೆ ಶುರು ಮಾಡಿ, ಆರು ಮುಖನೂ ತೋರಿಸಿ, ಕತ್ತರಿ ಹಾಕೋದ್ರಿಂದ ಹಿಡಿದು ವಸ್ತು ಹೊರಗೆ ಬರೋವರೆಗೂ ಮಧ್ಯೆ ಎಲ್ಲೂ ನಿಲ್ಲಿಸ್ಬೇಡಿ. ಮನೇಲಿ ಯಾರಾದ್ರೂ ಫೋನ್ ಹಿಡ್ಕೊಂಡ್ರೆ ಸಾಕು. ಓಪನ್ ಬಾಕ್ಸ್ ಡೆಲಿವರಿ ಇದ್ರೆ ಡೆಲಿವರಿ ಹುಡುಗ ಎಷ್ಟೇ ಅವಸರ ಮಾಡಿದ್ರೂ ವಸ್ತು ನೋಡಿದ ಮೇಲೇ ಒಟಿಪಿ ಹೇಳಿ, ಒಟಿಪಿ ಕೊಟ್ರೆ ಸರಿಯಾಗಿದೆ ಅಂತ ನೀವೇ ಸೈನ್ ಹಾಕಿದ ಹಾಗೆ. ಇಲ್ಲೇ ಒಂದು ಮಾತು: ಬಾಕ್ಸ್ ಸರಿಯಾಗಿ ಬಂದಿದ್ರೂ "ಖಾಲಿ ಬಾಕ್ಸ್ ಬಂತು" ಅಂತ ಕಂಪ್ಲೇಂಟ್ ಹಾಕೋರು, ಮದುವೇಲಿ ಉಟ್ಟು ಬೆವರಿನ ವಾಸನೆ ಇರೋ ಸೀರೆನ "ಡ್ಯಾಮೇಜ್" ಅಂತ ವಾಪಸ್ ಕಳ್ಸೋರು ಇದ್ದಾರೆ, ನಂಗೇ ಗೊತ್ತಿರೋರಲ್ಲಿ ಇದ್ದಾರೆ. ಖಾಲಿ ಬಾಕ್ಸ್ ಅಂದ್ರೆ ಮೊದಲ ಅನುಮಾನ ಬರೋದೇ ತಂದುಕೊಟ್ಟ ಹುಡುಗನ ಮೇಲೆ. ಸಣ್ಣ ಸೆಲ್ಲರ್ ಆಗಿದ್ರೆ ಹೋಗೋ ಕೊರಿಯರ್, ಬರೋ ಕೊರಿಯರ್ ಎರಡೂ ಖರ್ಚು ಅವ್ರದ್ದೇ.

ರಿಟರ್ನ್ ಫಾರಂ ತುಂಬುವಾಗ್ಲೂ ಅಷ್ಟೇ, ಕಾರಣ ಅನ್ನೋ ಜಾಗದಲ್ಲಿ ನಿಜ ಕಾರಣಾನೇ ಒತ್ತಿ. ಸೈಜ್ ಆಗ್ಲಿಲ್ಲ ಅಂದ್ರೆ ಸೈಜ್ ಆಗ್ಲಿಲ್ಲ ಅಷ್ಟೇ. ಅದರ ಕೆಳಗೆ ದುಡ್ಡು ವ್ಯಾಲೆಟ್ಟಿಗಾ ಬ್ಯಾಂಕಿಗಾ ಅಂತ ಕೇಳಿರುತ್ತೆ, ಅದನ್ನ ಓದ್ದೆ ಮುಂದಕ್ಕೆ ಹೋಗ್ಬೇಡಿ, ವ್ಯಾಲೆಟ್ ಒತ್ತಿದ್ರೆ ದುಡ್ಡು ಅದೇ ಅಂಗಡೀಲಿ ಸಿಕ್ಕಾಕ್ಕೊಂಡಿರುತ್ತೆ. ಪಿಕಪ್‌ಗೆ ಬಂದವ್ರಿಗೆ ಪ್ಯಾಕೆಟ್ ಕೊಡೋ ಮುಂಚೆ ಒಂದು ಫೋಟೋ.

"ರೀಫಂಡ್ ಆಗಿದೆ" ಅಂತ ಸೆಲ್ಲರ್ ಅಂತಾರೆ, ಅಕೌಂಟಲ್ಲಿ ನೋಡಿದ್ರೆ ಏನೂ ಇಲ್ಲ, ಆಗ ಜಗಳಕ್ಕೆ ಮುಂಚೆ ನಂಬರ್ ಕೇಳಿ. ಕಾರ್ಡಲ್ಲಿ ಕಟ್ಟಿದ್ರೆ ಎಆರ್‌ಎನ್, ಯುಪಿಐ ಆದ್ರೆ ಯುಟಿಆರ್. ನಿಜವಾಗ್ಲೂ ಹಾಕಿದ್ರೆ ಈ ನಂಬರ್ ಇರುತ್ತೆ, ಅದನ್ನ ಹಿಡ್ಕೊಂಡು ನಿಮ್ ಬ್ಯಾಂಕಲ್ಲಿ ಕೇಳಿದ್ರೆ ಎಲ್ಲಿ ನಿಂತಿದೆ ಅಂತ ಹೇಳ್ತಾರೆ. ಕಾರ್ಡಿಗೆ ವಾಪಸ್ ಬರೋಕೆ ಒಂದು ವಾರ ಆಗೋದು ಮಾಮೂಲು, ಎರಡನೇ ದಿನಕ್ಕೇ ಮೋಸ ಅನ್ಬೇಡಿ. ಇನ್ನೊಂದು ಥರ ಇದೆ, ಯುಪಿಐಯಲ್ಲಿ ದುಡ್ಡು ಕಟ್ ಆಗಿ ಅಂಗಡಿಗೆ ಕನ್ಫರ್ಮೇಶನ್ನೇ ಹೋಗಿರಲ್ಲ, ಅದಕ್ಕೆ ಸೆಲ್ಲರ್ ಹಿಂದೆ ಬೀಳ್ಬೇಡಿ, ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಪ್ರಕಾರ ಅದು 5 ದಿನದೊಳಗೆ ತಾನಾಗೇ ವಾಪಸ್ ಬರ್ಬೇಕು, ತಡ ಆದ್ರೆ ದಿನಕ್ಕೆ 100 ರೂಪಾಯಿ ಪರಿಹಾರ.

ಇಷ್ಟಾದ್ರೂ ಆಗ್ಲಿಲ್ಲ ಅಂದ್ರೆ ಆ್ಯಪಿನ ಗ್ರೀವೆನ್ಸ್ ಆಫೀಸರ್‌ಗೆ ಬರೀರಿ. ಹೆಸರು, ಮೇಲ್ ಐಡಿ ಅವ್ರೇ ಹಾಕಿರ್ಲೇಬೇಕು, ಸಾಮಾನ್ಯವಾಗಿ ಪುಟದ ತೀರಾ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತೆ. ದೂರು ಸಿಕ್ಕಿದೆ ಅಂತ 48 ಗಂಟೆಯೊಳಗೆ ಹೇಳ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಅದೂ ಆಗ್ಲಿಲ್ಲ ಅಂದ್ರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ಬಹುದು. ಅವ್ರು ಕೋರ್ಟ್ ಅಲ್ಲ, ನಿಮ್ ದೂರನ್ನ ಕಂಪನಿಗೆ ದಾಟಿಸ್ತಾರೆ, ಆದ್ರೂ ಎಷ್ಟೋ ಸಲ ಅಷ್ಟಕ್ಕೇ ಕೆಲಸ ಆಗುತ್ತೆ. ಕೊನೇಗೆ ಜಿಲ್ಲಾ ಗ್ರಾಹಕ ಆಯೋಗ, 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲಲ್ಲಿ ಮನೇಲೇ ಕೂತು ಹಾಕ್ಬಹುದು, ಸೆಲ್ಲರ್ ಸೂರತ್ತಲ್ಲಿದ್ರೂ ನೀವು ಶಿರಸಿಯಲ್ಲಿದ್ರೆ ನಿಮ್ ಜಿಲ್ಲೇಲೇ ಹಾಕ್ಬಹುದು, 5 ಲಕ್ಷದವರೆಗೆ ಫೀಸ್ ಇಲ್ಲ, ವಕೀಲರೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕ್ಬೇಕು ಅಷ್ಟೇ. 300 ರೂಪಾಯಿ ಇಯರ್‌ಫೋನಿಗೆ ನಾನಂತೂ ಅಲ್ಲಿಗೆ ಹೋಗಲ್ಲ, 1915ಕ್ಕೇ ನಿಲ್ಲಿಸ್ತೀನಿ.

ಕಸ್ಟಮರ್ ಕೇರ್ ನಂಬರ್ ಮಾತ್ರ ಗೂಗಲಲ್ಲಿ ಹುಡುಕ್ಬೇಡಿ, ಆ್ಯಪ್ ಒಳಗಿಂದಲೇ ತಗೊಳ್ಳಿ. ರೀಫಂಡ್ ಬರೋಕೆ ಯುಪಿಐ ಪಿನ್ ಹಾಕೋದು ಅಂತ ಇಲ್ಲವೇ ಇಲ್ಲ. ಹಾಕಿ ದುಡ್ಡು ಹೋದ್ರೆ ಕೂಡ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನನ್ ಸೀರೆ ಕಥೆ ಇನ್ನೂ ಮುಗಿದಿಲ್ಲ. ರೀಫಂಡ್ 30ಕ್ಕೆ ಬಂತು, ಸೆಪ್ಟೆಂಬರ್ 3ಕ್ಕೆ ಸೀರೆನೂ ಬಂತು! ತೋಪುತೆನೆ ಸೆರಗು ನೋಡಿ ಅಮ್ಮ ಮಡಿಕೆ ಬಿಚ್ಚಿ ಹೆಗಲ ಮೇಲೆ ಹಾಕ್ಕೊಂಡೇ ಬಿಟ್ರು, ದುಡ್ಡು ಕೊಟ್ಬಿಡು ಅಂದ್ರು. ಹೀಗೆ ಎರಡೂ ಬಂದಾಗ ಮೊದ್ಲು ಸೆಲ್ಲರ್‌ಗೆ ತಿಳಿಸಿ, ಬೇಡ ಅಂದ್ರೆ ಪಿಕಪ್ ಕಳ್ಸಿ ಅನ್ನಿ, ಬೇಕು ಅಂದ್ರೆ ದುಡ್ಡು ಕಟ್ಟಿ. ಆದ್ರೆ ಹುಷಾರು, "ನಿಮಗೆ ರೀಫಂಡ್ ಜಾಸ್ತಿ ಹೋಗಿದೆ, ಈ ನಂಬರಿಗೆ ವಾಪಸ್ ಹಾಕಿ" ಅಂತ ಫೋನ್ ಮಾಡೋ ಕಳ್ಳರೂ ಇದ್ದಾರೆ, ಎಸ್ಸೆಮ್ಮೆಸ್ ನಂಬ್ಬೇಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ದುಡ್ಡು ನಿಜವಾಗ್ಲೂ ಬಂದಿದೆಯಾ ನೋಡಿ. ನಾನು ಮೊದಲ ಸಲ ಕಟ್ಟಿದ ಅದೇ ಯುಪಿಐ ಐಡಿಗೆ 2,350 ಹಾಕಿ ಸ್ಕ್ರೀನ್‌ಶಾಟ್ ಕಳ್ಸಿದೆ. "ಅಕ್ಕ, ಇದು ಯಾವ ಆರ್ಡರ್ದು?" ಅಂತ ಕೇಳಿದ್ಲು ಆಯಮ್ಮ, ಅವ್ಳ ಲೆಕ್ಕದಲ್ಲಿ ಆ ಸೀರೆ ಇನ್ನೂ ಹುಬ್ಬಳ್ಳಿಯಲ್ಲೇ ಇತ್ತು.