ಬಂಜಿ ಕಿತ್ತು ಬಿಸಾಕಿದೆ, ಹೊಳೆಗೇ ಕೆಲಸ ಕೊಟ್ಟೆ – ಜರ್ಕ್ ರಿಗ್ ನನ್ನ ಅನುಭವ

"ಜರ್ಕ್ ರಿಗ್ ಎಲ್ಲ ನಿಂತ ನೀರಿಗೆ ಮಾರಾಯ, ಹರಿಯೋ ಹೊಳೇಲಿ ನಡೆಯಲ್ಲ" ಅಂದವರೆಲ್ಲ ದಯವಿಟ್ಟು ಇದನ್ನ ಓದಿ. ಗೊತ್ತಿಲ್ದೋರಿಗೆ: ಜರ್ಕ್ ರಿಗ್ ಅಂದ್ರೆ ಡಿಕಾಯ್‌ಗಳನ್ನ (ಕಾಡುಬಾತು ಸೆಳೆಯೋಕೆ ನೀರಲ್ಲಿ ತೇಲಿಬಿಡೋ ನಕಲಿ ಬಾತು) ದಾರ ಎಳೆದು ಅಲ್ಲಾಡಿಸೋ ಏರ್ಪಾಡು; ಎಳೆದದ್ದನ್ನ ವಾಪಸ್ ಎಳೆಯೋಕೆ ಬಂಜಿ, ಅಂದ್ರೆ ಹಿಗ್ಗೋ ರಬ್ಬರ್ ಹಗ್ಗ. ಕಳೆದ ಜನವರೀಲಿ ಒಂದು ಶನಿವಾರ ಒಂಬತ್ತು ಗಂಟೆಯೊಳಗೆ ಆರು ಮಲ್ಲಾರ್ಡ್ ಕಾಡುಬಾತು, ಅದ್ರಲ್ಲಿ ಐದು ಗ್ರೀನ್‌ಹೆಡ್ (ಹಸಿರು ತಲೆಯ ಗಂಡು). ದಿನದ ಲಿಮಿಟ್ ಏಳು, ಏಳನೇದಕ್ಕೆ ಎರಡು ಈಡು ಹೊಡೆದೂ ಬಿಟ್ಟಿದ್ದು ನಾನು, ಅದಕ್ಕೆ ರಿಗ್ ಏನ್ ಮಾಡುತ್ತೆ.

ನನ್ನ ಶಿಕಾರಿ ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾ ನದೀಲಿ, ಪ್ರೀಸ್ಟ್ ರ್ಯಾಪಿಡ್ಸ್ ಡ್ಯಾಮಿನ ಕೆಳಗೆ. ಇಲ್ಲಿ ಬ್ಯಾಟರಿ ಡಿಕಾಯ್ ಇಡೋ ಹಾಗಿಲ್ಲ, ದಾರಾನೇ ಗತಿ.

ಮೊದಲನೇ ವರ್ಷ ಎಲ್ಲರ ಥರಾನೇ ಬಂಜಿ ಹಾಕಿ ನಾಲ್ಕು ಡಿಕಾಯ್ ಕಟ್ಟಿದೆ. ಸೆಳವಿಗೆ ಬಂಜಿ ಪೂರ್ತಿ ಹಿಗ್ಗಿ ಕೂತ್ಬಿಡ್ತು, ಎಳೆದ್ರೂ ಬಿಟ್ರೂ ಒಂದೇ. ಕೀಲಲ್ಲಿ (ಡಿಕಾಯ್ ಹೊಟ್ಟೆ ಅಡಿಯ ಪಟ್ಟಿ) ತೂಕ ಇಲ್ಲದ ಡಿಕಾಯ್‌ಗಳು ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಾ ಇದ್ವು, ಮೇಲಿಂದ ನೋಡಿದ ಬಾತುಗಳಿಗೆ ಸತ್ತವರ ಮನೆ ಥರ ಕಂಡಿರ್ಬೇಕು, ಒಂದೂ ಇಳೀಲಿಲ್ಲ. ಬಿಡಿಯಾಗಿ ಇಟ್ಟಿದ್ದ ಐದು ಡಿಕಾಯ್ ಆಂಕರ್ ಸಮೇತ ಕೊಚ್ಚಿ ಹೋದ್ವು, ಹತ್ತಿರತ್ತಿರ ಐವತ್ತು ಡಾಲರ್. ಕಬ್ಬಿಣದ ಗೂಟ ಹೊಡೆಯೋಣ ಅಂದ್ರೆ ತಳ ಪೂರ್ತಿ ಉರುಟುಕಲ್ಲು, ಗೂಟ ಜಾರಿ ವೇಡರ್ (ನೀರಿಗಿಳಿಯೋ ಉದ್ದ ರಬ್ಬರ್ ಪ್ಯಾಂಟು) ಹರೀತು, ಹೊಸದಕ್ಕೆ ಇನ್ನೂರು ಚಿಲ್ಲರೆ. ಮನೇಲಿ ಹೆಂಡತಿ "ಕೋಳಿ ಫಾರಂ ಇಡಬಹುದಿತ್ತು" ಅಂದ್ಲು, ಸುಮ್ನಿದ್ದೆ.

ಆಮೇಲೆ ತಲೆಗೆ ಹೊಳೀತು, ಬಂಜಿ ಮಾಡೋ ಕೆಲಸ ಹೊಳೆನೇ ಮಾಡುತ್ತಲ್ಲ! ಗ್ಯಾರೇಜಲ್ಲಿ ಧೂಳು ತಿಂತಿದ್ದ 20 ಪೌಂಡಿನ ಎರಡು ಡಂಬೆಲ್ ಮೇಲ್ಗಡೆ ಸೆಳವಿಗೆ ಇಳಿಸಿ ಅದಕ್ಕೊಂದು ಸ್ಟೀಲ್ ರಿಂಗ್ ಕಟ್ಟಿದೆ. ದಾರ ಬ್ಲೈಂಡಿಂದ (ನಾನು ಅಡಗಿ ಕೂರೋ ಜಾಗ) ರಿಂಗ್‌ಗೆ ಹೋಗಿ, ಅಲ್ಲಿಂದ ತಿರುಗಿ ಕೆಳಗಡೆ ಡಿಕಾಯ್‌ಗೆ. ಎಳೆದ್ರೆ ಸೆಳವಿಗೆ ಎದುರಾಗಿ ಎರಡಡಿ ಈಜುತ್ತೆ, ಬಿಟ್ರೆ ಹೊಳೆ ತಾನೇ ವಾಪಸ್ ತಗೊಂಡು ಹೋಗುತ್ತೆ. ತೂಕದ ಕೀಲ್ ಇರೋದೇ ಬೇಕು, ದಾರ ಮುಂದಿನ ತೂತಿಗೇ ಹಾಕ್ಬೇಕು, ಮೂರರ ಮೇಲೆ ಕಟ್ಟಿದ್ರೆ ತೋಳು ಬಿದ್ದೋಗುತ್ತೆ. ಬಾತು ಬಾಲ ತೋರಿಸಿ ತಿರುಗಿದಾಗ ಎಳೀರಿ, ಎದುರಿಗೆ ಬರ್ತಿದ್ರೆ ಕೈ ಬಿಡಿ.

ಮಧ್ಯೆ ಇನ್ನೊಂದು ಹುಚ್ಚು. ಡಿಕಾಯ್ ಬಾಲದ ಕೆಳಗೆ ಹಳೇ ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿ ರೆಕ್ಕೆ ಅಂಟಿಸಿದೆ, ದಾರ ಎಳೀದೇನೇ ಅತ್ಲಾಗ್ ಇತ್ಲಾಗ್ ತೂಗ್ತಿತ್ತು. ಹತ್ತು ನಿಮಿಷ ಚೆನ್ನಾಗಿತ್ತು, ಆಮೇಲೆ ಪಾಚಿ ಸಿಕ್ಕಿ ಗಿರಗಿರ ಸುತ್ತಿ ದಾರ ಎಲ್ಲ ಜಡೆ. ಊರಲ್ಲಿ ನಮ್ಮಜ್ಜ ಕೌಜುಗ ಹಿಡಿಯೋಕೆ ದೀಮದ ಹಕ್ಕಿ (ಕಾಡಿನ ಹಕ್ಕಿಗಳನ್ನ ಕೂಗಿ ಸೆಳೆಯೋ ಸಾಕಿದ ಹಕ್ಕಿ) ಇಡ್ತಿದ್ದ ಕಥೆ ಹೇಳ್ತಿದ್ರು, ಅದಕ್ಕೆ ಬ್ಯಾಟರಿನೂ ಬೇಡ ದಾರಾನೂ ಬೇಡ. ಈಗ ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಇದೆ, ಆ ವಿದ್ಯೆ ಅಜ್ಜನ ಜೊತೆಗೇ ಹೋಯ್ತು.

ಡ್ಯಾಮ್ ಕಾಟ ಬೇರೆ. ಒಂದಿನ ಹತ್ತು ಗಂಟೆಗೆ ನೀರು ಎರಡಡಿ ಇಳಿದು ಮೂರೂ ಡಿಕಾಯ್ ಕಲ್ಲಿನ ಮೇಲೆ ಬಟ್ಟೆ ಒಣಹಾಕಿದ ಹಾಗೆ ಕೂತಿದ್ವು. ಈಗ ಹೋಗೋಕೆ ಮುಂಚೆ ಡ್ಯಾಮಿಂದ ಎಷ್ಟು ನೀರು ಬಿಡ್ತಿದಾರೆ ನೋಡ್ಕೊಂಡೇ ಜಾಗ ಆರಿಸ್ತೀನಿ.

ಚಳಿ ಬಿದ್ರೆ ದಾರದ ಮೇಲಿನ ನೀರು ಹೆಪ್ಪುಗಟ್ಟಿ ರಿಂಗಲ್ಲಿ ಸಿಕ್ಕಾಕೊಳ್ಳುತ್ತೆ. ಅದಕ್ಕೂ ಮದ್ದು ಸಿಕ್ಕಿದೆ, ಅಡುಗೆಮನೆದು, ಏನಂತ ಮಾತ್ರ ಹೇಳಲ್ಲ. ಆ ಡಬ್ಬಿನ ಹೆಂಡತಿ ಇನ್ನೂ ಹುಡುಕ್ತಾ ಇದಾಳೆ.